ಕಾಸರಗೋಡಿನ ಹಳ್ಳಿ ಹೈಸ್ಕೂಲಿನ ಕಬಡ್ಡಿ ಯಾರ ಖರ್ಚಿನಲ್ಲಿ ನಡೆಯುತ್ತದೆ?

ನೀವು ಕೇಳಿದ್ದು ಎರಡು ವಿಷಯ. ಕಾಸರಗೋಡಿನ ಒಳನಾಡಿನ ಕನ್ನಡ ಹೈಸ್ಕೂಲುಗಳ ಕಬಡ್ಡಿ, ಹಗ್ಗಜಗ್ಗಾಟದ ತಂಡಗಳು ಜಿಲ್ಲೆ, ರಾಜ್ಯ ಅಂತ ಹೋಗುತ್ತವಲ್ಲ, ಅದರ ಖರ್ಚು ನೋಡಿಕೊಳ್ಳುವವರು ಯಾರು? ಅದರ ಹಳೆಯ ಚರಿತ್ರೆ ಬರೆಯಬೇಕಾದರೆ ಎಲ್ಲಿಂದ ಶುರು ಮಾಡಬೇಕು? ನಾನು ಬದಿಯಡ್ಕ–ಪೆರ್ಲ ಕಡೆಯವನು. ಅಲ್ಲಿನ ಒಂದು ಅನುದಾನಿತ ಶಾಲೆಯಲ್ಲಿ ಕಲಿತವನು. ಈಗ ಅದರ ಹಳೆ ವಿದ್ಯಾರ್ಥಿ ಸಂಘದಲ್ಲಿ ಓಡಾಡುತ್ತಿದ್ದೇನೆ. ನನಗೆ ಗೊತ್ತಿರುವಷ್ಟು ಹೇಳುತ್ತೇನೆ.

ಖರ್ಚು ನೋಡಿಕೊಳ್ಳುವವರು ಊರವರೇ. ಕೇರಳದ ಅನುದಾನಿತ ಶಾಲೆಗಳಲ್ಲಿ ಮಾಷ್ಟ್ರುಗಳ, ಟೀಚರುಗಳ ಸಂಬಳ ಸರಕಾರದ್ದು. ಕಟ್ಟಡ, ಜಾಗ ಮ್ಯಾನೇಜರರ, ಅಂದರೆ ಶಾಲೆ ನಡೆಸುವ ಖಾಸಗಿಯವರ ಹೊಣೆ. ಮಕ್ಕಳ ಸಂಖ್ಯೆ ಕಮ್ಮಿ ಇದ್ದರೆ ದೈಹಿಕ ಶಿಕ್ಷಕರ ಹುದ್ದೆಯೇ ಸಿಗುವುದಿಲ್ಲ. ಹಾಗಿರುವಾಗ ಸಂಜೆ ಮಕ್ಕಳನ್ನು ಅಂಕಣಕ್ಕೆ ಇಳಿಸಿ ಆಡಿಸುವವರು ಬೇಕಲ್ವಾ? ನಮ್ಮಲ್ಲಿ ಆ ಕೆಲಸ ಮಾಡುವುದು ಆಟೋ ಓಡಿಸುವ ಒಬ್ಬ ಅಣ್ಣ. ಹಿಂದೆ ಕಾಲೇಜಿನ ತಂಡದಲ್ಲಿ ಆಡಿದವರು. ಶಾಲೆ ಬಿಡುವ ಹೊತ್ತಿಗೆ ಬಂದರೆ ಕತ್ತಲಾಗುವವರೆಗೆ ಬಾಡಿಗೆ ಹಿಡಿಯುವುದಿಲ್ಲ. ಆಟೋದವರಿಗೆ ಬಾಡಿಗೆ ಜಾಸ್ತಿ ಸಿಗುವುದೇ ಆ ಹೊತ್ತಿನಲ್ಲಿ. ಅವರು ಬಿಟ್ಟುಕೊಟ್ಟ ಆ ಸಂಪಾದನೆ ಯಾವ ರಸೀದಿ ಪುಸ್ತಕದಲ್ಲೂ ಇಲ್ಲ. ಆದರೆ ನಮ್ಮ ಶಾಲೆಯ ಆಟಕ್ಕೆ ಸಿಕ್ಕಿದ ಎಲ್ಲಕ್ಕಿಂತ ದೊಡ್ಡ ವಂತಿಗೆ ಅದೇ ಅಂತ ನನಗೆ ಅನಿಸುತ್ತದೆ.

ಮಿಕ್ಕಿದ ವಂತಿಗೆಗಳಿಗೆ ಒಂದು ಲೆಕ್ಕದ ಪುಸ್ತಕ ಇದೆ. ತಂಡ ಜಿಲ್ಲೆಯಿಂದ ರಾಜ್ಯಕ್ಕೆ ಆಯ್ಕೆಯಾದಾಗಲೆಲ್ಲ ಅದನ್ನು ಹೊರಗೆ ತೆಗೆಯುತ್ತೇವೆ. ಉದ್ದ ಗೆರೆಯ, ರಟ್ಟಿನ ಹೊದಿಕೆಯ ಪುಸ್ತಕ. ಎಡಗಡೆ ಹೆಸರು, ನಡುವೆ ವಸ್ತು, ಬಲಗಡೆ ಮೊತ್ತ. ಮೊತ್ತದ ಸಾಲು ಹೆಚ್ಚಿನ ಕಡೆ ಖಾಲಿ. ನಡುವಿನ ಸಾಲು ಓದಿದರೆ ಇಡೀ ಊರೇ ಕಾಣುತ್ತದೆ. ಕದಳಿ ಬಾಳೆಗೊನೆ ಒಂದು. ಜೀಪು ರೈಲ್ವೆ ಸ್ಟೇಷನ್ನಿಗೆ, ಡೀಸೆಲ್ ಮಾತ್ರ ನಮ್ಮದು. ಮೊಟ್ಟೆ, ದಿನಾ, ಪಂದ್ಯಾಟ ಮುಗಿಯುವವರೆಗೆ. ಜೆರ್ಸಿ ಒಂದು ಸೆಟ್, ದುಬೈಯಿಂದ. ಚಾಲಿ ಅಡಿಕೆ ಒಂದು ಚೀಲ, ಮಾರಿ ಬಂದದ್ದು ಶೂಗೆ. ಒಬ್ಬ ಅಜ್ಜಿ ಕೊಟ್ಟದ್ದು ಮಕ್ಕಳ ಮೊಣಕಾಲಿಗೆ ಹಚ್ಚಲು ಒಂದು ಬಾಟಲಿ ಎಣ್ಣೆ. ಅದನ್ನೂ ಬರೆದಿದ್ದಾರೆ. ಬರೆದವರ ಮೇಲೆ ನನಗೆ ತುಂಬ ಗೌರವ.

ಇದೆಲ್ಲ ಶಾಲೆಗಾಗಿ ಹೊಸದಾಗಿ ಹುಟ್ಟಿದ ಅಭ್ಯಾಸ ಅಲ್ಲ. ನಮ್ಮ ಕಡೆ ದೇವಸ್ಥಾನದ ಬ್ರಹ್ಮಕಲಶಕ್ಕೆ ಹಸಿರುವಾಣಿ ಹೊರೆಕಾಣಿಕೆ ಬರುವುದನ್ನು ನೀವು ನೋಡಿರಬಹುದು. ಅಕ್ಕಿ, ತೆಂಗಿನಕಾಯಿ, ಸೌತೆ, ಕುಂಬಳ ಎಲ್ಲ ಲಾರಿ, ಪಿಕಪ್ಪುಗಳಲ್ಲಿ ಮೆರವಣಿಗೆಯಲ್ಲಿ ಬರುತ್ತದೆ. ಯಕ್ಷಗಾನ ಬಯಲಾಟಕ್ಕೂ ಹಾಗೆಯೇ, ಹತ್ತು ಸಮಸ್ತರು ಸೇರಿ ಆಟ ಆಡಿಸುತ್ತಾರೆ. ಶಾಲೆಯಲ್ಲಿ ಉಪಜಿಲ್ಲಾ ಕ್ರೀಡಾಕೂಟ ನಡೆದರೆ ಇದೇ ದಾರಿಯಲ್ಲಿ ಕೆಲಸ ಆಗುತ್ತದೆ. ಯಾರ ಮನೆಯಲ್ಲಿ ದೊಡ್ಡ ಹಂಡೆ ಇದೆ, ಯಾರ ತೋಟದಲ್ಲಿ ಚಪ್ಪರಕ್ಕೆ ಅಡಿಕೆ ಮರ ಸಿಗುತ್ತದೆ, ನೀರಿನ ಟ್ಯಾಂಕರ್ ಯಾರಲ್ಲಿದೆ, ಎಲ್ಲರಿಗೂ ಮೊದಲೇ ಗೊತ್ತು. ಮಸೀದಿ ಕಮಿಟಿಯವರು ಮಧ್ಯಾಹ್ನದ ಪಾನಕದ ಹೊಣೆ ಹೊತ್ತುಕೊಳ್ಳುತ್ತಾರೆ, ದೇವಸ್ಥಾನದವರು ಪಾತ್ರೆ ಕಳಿಸುತ್ತಾರೆ. ಕ್ಲಬ್ಬಿನ ಹುಡುಗರು ರಾತ್ರಿಯೆಲ್ಲ ನಿಂತು ಮೈದಾನಕ್ಕೆ ನೀರು ಹಾಯಿಸುತ್ತಾರೆ. ನಮ್ಮದು ಏಳು ಭಾಷೆಯ ನೆಲ ಅಂತ ಭಾಷಣದಲ್ಲಿ ಹೇಳುತ್ತಾರೆ. ಕಬಡ್ಡಿ ಅಂಕಣದ ಹತ್ತಿರ ಒಂದು ಸಂಜೆ ನಿಂತರೆ ನಾಲ್ಕಂತೂ ಕಿವಿಗೆ ಬೀಳುತ್ತವೆ. ರೈಡರಿಗೆ ತುಳುವಿನಲ್ಲಿ ಕೂಗುತ್ತಾರೆ, ಪಾಯಿಂಟಿನ ತಕರಾರು ಮಲಯಾಳದಲ್ಲಿ, ಬ್ಯಾರಿ ಭಾಷೆಯಲ್ಲಿ ನಡೆಯುತ್ತದೆ, ಮಾಷ್ಟ್ರು ಗದರುವುದು ಕನ್ನಡದಲ್ಲಿ.

ಅಂಕಣದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ನೆಲ ಮುರಕಲ್ಲಿನದು, ಅಂದರೆ ಜಂಬಿಟ್ಟಿಗೆಯದು. ಪದವಿನ, ಅಂದರೆ ಗುಡ್ಡದ ಮೇಲಿನ ಬಯಲಿನ ಮೈದಾನದಲ್ಲಿ ಬಿದ್ದರೆ ಮೈ ಚರ್ಮ ಉಳಿಯುವುದಿಲ್ಲ. ಅದಕ್ಕೆ ಕೊಯ್ಲು ಮುಗಿದ ಮೇಲೆ ಯಾರಾದರೂ ಬೈಲಿನ ಗದ್ದೆ ಬಿಟ್ಟುಕೊಡುತ್ತಾರೆ. ಮೊದಲು ಕೂಳೆ ಕಿತ್ತು ತೆಗೆಯಬೇಕು. ಆಮೇಲೆ ಗಟ್ಟಿ ಹೆಂಟೆ ಒಡೆದು, ಜರಡಿ ಹಿಡಿದ ಕೆಂಪು ಮಣ್ಣು ಹಾಸಿ, ನೀರು ಚಿಮುಕಿಸಿ ತುಳಿಯುತ್ತಾರೆ. ಒಂದು ಸಣ್ಣ ಕಲ್ಲು ಉಳಿದರೂ ಮಕ್ಕಳ ಮಂಡಿಗೆ ಆಪತ್ತು. ಹಾಗಾಗಿ ಕೊನೆಗೆ ಹೆಂಗಸರು ಸಾಲಾಗಿ ಕುಳಿತು ಕೈಯಲ್ಲೇ ಸವರಿ ನೋಡುತ್ತಾರೆ, ಅಕ್ಕಿ ಆರಿಸುವ ಹಾಗೆ. ಗೆರೆಯ ಜಾಗದಲ್ಲಿ ಹಗ್ಗ ಹಿಡಿದು ಸುಣ್ಣದ ಪುಡಿ ಬಿಡುತ್ತಾರೆ. ಗದ್ದೆಯ ಯಜಮಾನರು ಆ ವರ್ಷದ ಉದ್ದಿನ ಬೆಳೆ ಬಿಟ್ಟೇ ಕೊಟ್ಟಂತೆ. ಬಾಡಿಗೆ ಕೇಳಿದವರನ್ನು ನಾನು ಕಂಡಿಲ್ಲ.

ಈಗ ದೊಡ್ಡ ಕಷ್ಟ ಮ್ಯಾಟಿನದ್ದು. ಪ್ರೊ ಕಬಡ್ಡಿ 2014ರಲ್ಲಿ ಶುರುವಾದ ಮೇಲೆ ಕಬಡ್ಡಿ ಅಂದರೆ ಮ್ಯಾಟ್ ಅಂತ ಆಗಿದೆ. ಮಣ್ಣಿನಲ್ಲಿ ಕಲಿತ ಮಕ್ಕಳು ಒಮ್ಮೆಲೇ ಮ್ಯಾಟಿಗೆ ಹೋದರೆ ಕಾಲು ಹಿಡಿತಕ್ಕೆ ಬರುವುದಿಲ್ಲ. ಮಣ್ಣಿನಲ್ಲಿ ಬರಿಗಾಲಿನ ಹೆಬ್ಬೆರಳು ಊರಿ ತಿರುಗಬಹುದು. ಮ್ಯಾಟಿನಲ್ಲಿ ಶೂ ಬೇಕು, ತಿರುಗುವ ರೀತಿಯೇ ಬೇರೆ. ಗಂಡಸರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಅಷ್ಟಕ್ಕೂ ಹಾಸುವ ಒಳ್ಳೆ ಮ್ಯಾಟಿಗೆ ಲಕ್ಷದ ಲೆಕ್ಕದಲ್ಲಿ ದುಡ್ಡು ಬೇಕು. ಒಂದೇ ಊರಿಗೆ ಅದು ಭಾರ. ನನ್ನ ಅಭಿಪ್ರಾಯ ಕೇಳಿದರೆ, ನೆರೆಯ ನಾಲ್ಕೈದು ಶಾಲೆಗಳು ಸೇರಿ ಒಂದು ಮ್ಯಾಟ್ ತೆಗೆದು, ವಾರಕ್ಕೊಂದು ಕಡೆ ಸಾಗಿಸುವುದು ಒಳ್ಳೆಯದು. ಪಿಕಪ್ ಕೊಡುವವರು ಹೇಗೂ ಇದ್ದಾರೆ. ನಮ್ಮ ಸಂಘದಲ್ಲಿ ಈಗ ಅದನ್ನೇ ಮಾತಾಡುತ್ತಿದ್ದೇವೆ.

ಕೊಟ್ಟದ್ದು ಊರಿಗೆ ಮರಳಿಯೂ ಬರುತ್ತದೆ, ಇದನ್ನು ಹೇಳದೆ ಬಿಡಬಾರದು. ಇಲ್ಲಿ ಎಷ್ಟೋ ಹೊನಲು ಬೆಳಕಿನ ಪಂದ್ಯಾಟಗಳು ನಡೆಯುವುದೇ ಯಾರದೋ ಚಿಕಿತ್ಸಾ ನಿಧಿಗೆ. ಕಿಡ್ನಿ ಹೋದವರು, ಅಪಘಾತ ಆದವರು, ಎಂಡೋಸಲ್ಫಾನ್ ಕೀಟನಾಶಕದಿಂದ ನೊಂದ ಮನೆಯವರು. ಖಾಸಗಿ ಬಸ್ಸಿನವರು ಒಂದು ದಿನದ ಕಲೆಕ್ಷನ್ ಪೂರ್ತಿ ರೋಗಿಗೆ ಕೊಡುವ ಕಾರುಣ್ಯ ಯಾತ್ರೆಯೂ ನಮ್ಮಲ್ಲಿ ನಡೆಯುತ್ತದೆ. ಆ ದಿನ ಬಕೆಟ್ ಹಿಡಿದು ಬಸ್ಸು ಹತ್ತುವವರಲ್ಲಿ ಶಾಲೆಯ ತಂಡದ ಹುಡುಗರು ಇದ್ದೇ ಇರುತ್ತಾರೆ. ಅವರು ಯಾರೂ ಕಳಿಸದೆ ತಾವಾಗಿಯೇ ಬರುವವರು.

ಇನ್ನು ಚರಿತ್ರೆ. ಕಾಸರಗೋಡಿನ ಆಟ ಅಂದರೆ ಹೊರಗಿನವರು ಮೊದಲು ಎತ್ತುವುದು ಕ್ರಿಕೆಟ್. ಅನಿಲ್ ಕುಂಬ್ಳೆಯವರ ಮನೆತನದ ಹೆಸರು ನಮ್ಮ ಕುಂಬಳೆಯದು, ಆದರೆ ಅವರು ಬೆಳೆದದ್ದು ಬೆಂಗಳೂರಿನಲ್ಲಿ. ತಳಂಗರೆಯ ಮಹಮ್ಮದ್ ಅಜರುದ್ದೀನ್ (ಭಾರತದ ಹಳೆಯ ನಾಯಕರಲ್ಲ) ಕೇರಳ ತಂಡಕ್ಕಾಗಿ 2021ರ ಜನವರಿಯಲ್ಲಿ ಮುಂಬೈ ಮೇಲೆ 54 ಎಸೆತಕ್ಕೆ ಔಟಾಗದೆ 137 ಹೊಡೆದದ್ದು ಎಲ್ಲರಿಗೂ ನೆನಪಿದೆ. ಇವೆಲ್ಲ ಪತ್ರಿಕೆಯಲ್ಲಿ ಬಂದಿವೆ, ಹುಡುಕಿದರೆ ಸಿಗುತ್ತವೆ. ಹೈಸ್ಕೂಲಿನ ಆಟ ಹಾಗಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಬಗ್ಗೆ, ಕವಿ ಗೋವಿಂದ ಪೈಗಳ ಬಗ್ಗೆ, ಪೆರಡಾಲದಲ್ಲಿ ಮಾಷ್ಟ್ರಾಗಿದ್ದ ಕವಿ ಕಯ್ಯಾರ ಕಿಞ್ಞಣ್ಣ ರೈಗಳ ಬಗ್ಗೆ ಬರೆದವರು ಬೇಕಾದಷ್ಟು ಜನ. ಶಾಲೆಗಳ ಆಟದ ಬಗ್ಗೆ ಕೂತು ಬರೆದವರು ತೀರಾ ಕಮ್ಮಿ.

ಹಾಗಾಗಿ ಟ್ರೋಫಿ, ಸರ್ಟಿಫಿಕೇಟು ಇಟ್ಟಿರುವ ಶಾಲೆಯ ಗಾಜಿನ ಕಪಾಟಿನಿಂದಲೇ ಶುರು ಮಾಡಿ. ಒಂದು ಸಂಗತಿ ನೆನಪಿಡಿ, ಇಲ್ಲದಿದ್ದರೆ ದಾರಿ ತಪ್ಪುತ್ತದೆ. 1956ರ ನವೆಂಬರ್ 1ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು, ಮದ್ರಾಸ್ ರಾಜ್ಯದ ಕೆಳಗೆ. ಕೇರಳಕ್ಕೆ ಸೇರಿದ ಮೇಲೆ 1957ರಿಂದ ಕಣ್ಣೂರು ಜಿಲ್ಲೆ. ನಮ್ಮದೇ ಜಿಲ್ಲೆ ಆದದ್ದು 1984ರ ಮೇ 24ರಂದು. ಅಂದರೆ ಅಜ್ಜನ ಸರ್ಟಿಫಿಕೇಟಿನಲ್ಲಿ ಸೌತ್ ಕೆನರಾ, ಮಾವನದ್ದರಲ್ಲಿ ಕಣ್ಣೂರು, ನಮ್ಮದರಲ್ಲಿ ಕಾಸರಗೋಡು. ಮೂವರೂ ಒಂದೇ ಗದ್ದೆಯಲ್ಲಿ ಆಡಿದವರು. ಕಣ್ಣೂರಿನ ಕಾಲದಲ್ಲಿ ಜಿಲ್ಲಾ ಕೇಂದ್ರ ಅಂದರೆ ಬದಿಯಡ್ಕದಿಂದ ನೂರು ಕಿಲೋಮೀಟರಿಗೂ ಜಾಸ್ತಿ. ರಾಜ್ಯ ಅಂತ ತಿರುವನಂತಪುರಕ್ಕೆ ಹೋದರೆ ಐನೂರು ದಾಟುತ್ತದೆ. ಕನ್ನಡ ಮಾಧ್ಯಮದ ಮಕ್ಕಳಿಗೆ ಅಲ್ಲಿ ಮೈಕಿನಲ್ಲಿ ಕರೆಯುವುದೂ ತಿಳಿಯದು. ಅದಕ್ಕೆ ಮಲಯಾಳ ಚೆನ್ನಾಗಿ ಬಲ್ಲ ಒಬ್ಬರು ಅಂಗಡಿ ಬಾಗಿಲು ಹಾಕಿ ಜೊತೆಗೆ ಹೋಗುವುದು ಈಗಲೂ ಇದೆ. ಕೊಟ್ಟವರ ಪಟ್ಟಿಯಲ್ಲಿ ಇಂಥವರನ್ನೂ ಸೇರಿಸಿಕೊಳ್ಳಿ.

ಕಪಾಟಿನ ನಂತರ ಶಾಲೆಯ ಬೆಳ್ಳಿಹಬ್ಬ, ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗಳನ್ನು ನೋಡಿ. ಜಾಹೀರಾತಿನ ಪುಟಗಳನ್ನು ಬಿಡಬೇಡಿ, ಆ ಕಾಲದ ದಾನಿಗಳು ಇರುವುದೇ ಅಲ್ಲಿ. ತಂಡದ ಫೋಟೋ ಸಿಕ್ಕಿದರೆ ಮೊಬೈಲಿನಲ್ಲಿ ತೆಗೆದುಕೊಂಡು ಊರಲ್ಲಿ ತೋರಿಸಿ. ಹಿಂದಿನ ಸಾಲಿನಲ್ಲಿ ನಿಂತ ಹುಡುಗರ ಹೆಸರು ಹೇಳುವವರು ಚಾ ಅಂಗಡಿಯಲ್ಲೇ ಸಿಗುತ್ತಾರೆ. ಹುಡುಗಿಯರ ತಂಡಗಳನ್ನು ದಯವಿಟ್ಟು ಬೇರೆಯಾಗಿಯೇ ಹುಡುಕಿ. ಅವರ ಫೋಟೋ ಕಮ್ಮಿ, ಹೆಸರು ಇನ್ನೂ ಕಮ್ಮಿ. ಮದುವೆಯಾಗಿ ಪುತ್ತೂರು, ಸುಳ್ಯ, ವಿಟ್ಲದ ಕಡೆ ಹೋದವರು ಎಷ್ಟೋ ಮಂದಿ. ಅವರ ಸರ್ಟಿಫಿಕೇಟುಗಳು ತಾಯಿ ಮನೆಯ ಪೆಟ್ಟಿಗೆಯಲ್ಲೇ ಉಳಿದಿರುತ್ತವೆ. ಕೇಳಿದರೆ ಖುಷಿಯಿಂದ ತೆಗೆದು ತೋರಿಸುತ್ತಾರೆ, ಆ ದಿನದ ಆಟ ಹೇಗಾಯಿತು ಅಂತ ಒಂದೊಂದಾಗಿ ಹೇಳುತ್ತಾರೆ.

ಬರುವುದಾದರೆ ಆಟಿ ತಿಂಗಳಲ್ಲಿ, ಅಂದರೆ ಜುಲೈ–ಆಗಸ್ಟಿನ ಹೊತ್ತಿಗೆ ಬನ್ನಿ. ಅಡಿಕೆಗೆ ಔಷಧಿ ಬಿಡುವ ಕೆಲಸ ಬಿಟ್ಟರೆ ಮಳೆಗೆ ತೋಟದಲ್ಲಿ ಕೆಲಸ ಕಮ್ಮಿ, ಹಿರಿಯರು ಮನೆಯಲ್ಲೇ ಇರುತ್ತಾರೆ. ಶಾಲೆಯೂ ತೆರೆದಿರುತ್ತದೆ, ಕಪಾಟಿನ ಬೀಗದ ಕೈ ಸಿಗುತ್ತದೆ. ಓಣಂ ಕಳೆದ ಮೇಲೆ ಉಪಜಿಲ್ಲಾ ಪಂದ್ಯಾಟಗಳ ಗಡಿಬಿಡಿ, ಆಗ ಮಾಷ್ಟ್ರುಗಳಿಗೆ ಮಾತಾಡಲು ಪುರುಸೊತ್ತಿರುವುದಿಲ್ಲ.