ಅಧಿಕಾರಿ ಊರಲ್ಲೇ ವಾಸವಿರಬೇಕೇ?

ಪ್ರಶ್ನೆ: ನಮ್ಮದು ಮೂವತ್ತು ಸಾವಿರ ಜನರಿರುವ ಪುರಸಭೆ ಊರು. ಮುಖ್ಯಾಧಿಕಾರಿ, ಕಿರಿಯ ಎಂಜಿನಿಯರ್, ಆರೋಗ್ಯ ನಿರೀಕ್ಷಕರು ಮೂವರೂ 50 ಕಿ.ಮೀ. ದೂರದ ಜಿಲ್ಲಾ ಕೇಂದ್ರದಿಂದ ಬಂದು ಹೋಗುತ್ತಾರೆ. ರಾತ್ರಿ ಪೈಪ್ ಒಡೆದರೆ ಬೆಳಿಗ್ಗೆ ಹನ್ನೊಂದರವರೆಗೆ ಹೇಳುವವರು ಕೇಳುವವರು ಇಲ್ಲ. ಕೆಲಸ ಮಾಡುವ ಊರಲ್ಲೇ ಇರಬೇಕೆಂಬ ನಿಯಮ ಇಲ್ಲವೇ? ಊರಿನವರನ್ನೇ ನೇಮಿಸಿದರೆ ಆಗದೇ?

ಉತ್ತರ: ನಿಯಮ ಇದೆ. ಪ್ರತಿ ಸರ್ಕಾರಿ ನೌಕರನಿಗೂ ಒಂದು ಕೇಂದ್ರಸ್ಥಾನ, ಅಂದರೆ ಕೆಲಸಕ್ಕೆ ನಿಗದಿಯಾದ ಊರು, ಇರುತ್ತದೆ. ಅದನ್ನು ಬಿಟ್ಟು ಹೋಗಲು ಮೇಲಧಿಕಾರಿಯ ಅನುಮತಿ ಬೇಕು. ರಜೆ ಅರ್ಜಿಯಲ್ಲಿ ‘ಕೇಂದ್ರಸ್ಥಾನ ಬಿಡಲು ಅನುಮತಿ ಕೋರಿ’ ಎಂಬ ಸಾಲು ಇಂದಿಗೂ ಉಳಿದಿರುವುದು ಅದಕ್ಕೇ. ಕೇಂದ್ರಸ್ಥಾನದಲ್ಲೇ ವಾಸವಿರಿ ಎಂಬ ಸುತ್ತೋಲೆಗಳೂ ಇಲಾಖೆಗಳಿಂದ ಮತ್ತೆ ಮತ್ತೆ ಬರುತ್ತವೆ. ಮೊದಲನೆಯದು ಪಾಲನೆಯಾಗಿದ್ದರೆ ಎರಡನೆಯದು ಬೇಕಿರಲಿಲ್ಲ.

ಯಾಕೆ ಪಾಲನೆಯಾಗುವುದಿಲ್ಲ ಎಂಬುದನ್ನು ಸಂಬಳದ ಚೀಟಿಯಲ್ಲೇ ನೋಡಬಹುದು. ಮನೆ ಬಾಡಿಗೆ ಭತ್ಯೆ ನಿಗದಿಯಾಗುವುದು ಕೆಲಸದ ಸ್ಥಳದ ಮೇಲೆ, ವಾಸದ ಮೇಲಲ್ಲ. 2024ರ ಆಗಸ್ಟ್‌ನಿಂದ ಜಾರಿಯಾದ ವೇತನ ಪರಿಷ್ಕರಣೆಯಲ್ಲಿ ಬೆಂಗಳೂರಿಗೆ ಮೂಲವೇತನದ ಶೇ 20, ಐದು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರಿಗೆ ಶೇ 7.5. ಮೂಲವೇತನ 50,000 ರೂಪಾಯಿ ಎಂದಿಟ್ಟುಕೊಂಡರೆ ಅಲ್ಲಿ 10,000, ನಿಮ್ಮಲ್ಲಿ 3,750. ಈ ಭತ್ಯೆ ಯಾರನ್ನೂ ಊರಿಗೆ ಕಟ್ಟಿಹಾಕುವುದಿಲ್ಲ. ಎಲ್ಲಿ ಮಲಗಿದರೂ ಅಷ್ಟೇ ಬರುತ್ತದೆ. ಇನ್ನೊಂದು ಕಡೆ ಮಕ್ಕಳ ಶಾಲೆ, ಸಂಗಾತಿಯ ನೌಕರಿ, ಸೋರುವ ವಸತಿಗೃಹ. ಇವನ್ನು ಹಾಗೇ ಬಿಟ್ಟು ಸುತ್ತೋಲೆ ಬಿಗಿ ಮಾಡಿದರೆ ಹುಟ್ಟುವುದು ಕಾಗದದ ಮನೆ: ಊರಿನಲ್ಲಿ ಯಾರದೋ ಹೆಸರಿನ ಬಾಡಿಗೆ ಕರಾರು, ಮನುಷ್ಯ ಸಂಜೆ 5.30ರ ಬಸ್ಸಿನಲ್ಲಿ.

ಎಲ್ಲ ನೌಕರರಿಗೂ ಒಂದೇ ಕಟ್ಟುಪಾಡು ಹಾಕುವುದು ತಪ್ಪು ಎಂಬುದು ನಮ್ಮ ಖಚಿತ ಅಭಿಪ್ರಾಯ. ಹತ್ತು ಗಂಟೆಗೆ ಕಡತ ತೆರೆಯುವ ಗುಮಾಸ್ತ ಎಲ್ಲಿ ಮಲಗಿದರೂ ಊರಿಗೆ ನಷ್ಟವಿಲ್ಲ. ಅವರನ್ನು ಅಳೆಯಬೇಕಾದದ್ದು ಹಾಜರಾತಿಯಿಂದ. ಹೊತ್ತುಗೊತ್ತಿಲ್ಲದೆ ಕರೆ ಬರುವ ಹುದ್ದೆಗಳ ಮಾತು ಬೇರೆ: ನೀರುಗಂಟಿ, ನೀರು ಸರಬರಾಜಿನ ಹೊಣೆ ಹೊತ್ತ ಎಂಜಿನಿಯರ್, ಬೆಳಗಿನ ಕಸ ವಿಲೇವಾರಿ ನೋಡುವ ಆರೋಗ್ಯ ನಿರೀಕ್ಷಕ, ಹೆರಿಗೆ ಮಾಡಿಸುವ ದಾದಿ. ಇವರು ಊರಲ್ಲೇ ಇರಬೇಕು. ಅವರಿಗೆ ವಾಸಯೋಗ್ಯ ಮನೆ ಕೊಡುವುದು ಸರ್ಕಾರದ ಕರ್ತವ್ಯ, ಉಪಕಾರವಲ್ಲ.

ಅಮೆರಿಕದ ನಗರಗಳಲ್ಲಿ ಇದು ದಶಕಗಳ ಜಗಳ. ಫಿಲಡೆಲ್ಫಿಯಾದ ಅಗ್ನಿಶಾಮಕ ನೌಕರರೊಬ್ಬರು 16 ವರ್ಷದ ಸೇವೆಯ ನಂತರ ಪಕ್ಕದ ನ್ಯೂಜೆರ್ಸಿಗೆ ಮನೆ ಬದಲಿಸಿ ಕೆಲಸ ಕಳೆದುಕೊಂಡರು. 1976ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ನಗರದ ನಿಯಮವನ್ನೇ ಎತ್ತಿಹಿಡಿಯಿತು. ಮಿಲ್ವಾಕಿ ನಗರವು 1938ರಿಂದ ಇಟ್ಟುಕೊಂಡಿದ್ದ ಇಂಥದೇ ನಿಯಮವನ್ನು ವಿಸ್ಕಾನ್ಸಿನ್ ರಾಜ್ಯದ ಕಾನೂನು 2013ರಲ್ಲಿ ಕಿತ್ತುಹಾಕಿತು. ಆದರೆ ಪೊಲೀಸ್, ಅಗ್ನಿಶಾಮಕ, ತುರ್ತು ಸಿಬ್ಬಂದಿ 15 ಮೈಲಿ, ಅಂದರೆ ಸುಮಾರು 24 ಕಿ.ಮೀ. ಒಳಗೆ ಇರಬೇಕೆಂದು ಕೇಳಲು ಅವಕಾಶ ಉಳಿಸಿತು. ಹುದ್ದೆ ನೋಡಿ ದೂರ ಅಳೆಯುವ ಈ ಕ್ರಮ ನಮಗೂ ಒಪ್ಪುತ್ತದೆ.

ಊರಿನವರನ್ನೇ ನೇಮಿಸುವ ಮಾತು ಬೇರೆಯೇ ಕಾನೂನು. ವಾಸಸ್ಥಳದ ಕಾರಣಕ್ಕೆ ಸರ್ಕಾರಿ ಹುದ್ದೆ ನಿರಾಕರಿಸುವುದನ್ನು ಸಂವಿಧಾನದ 16(2) ವಿಧಿ ತಡೆಯುತ್ತದೆ. ವಿನಾಯಿತಿ ಕೊಡುವ ಅಧಿಕಾರ 16(3)ರಂತೆ ಸಂಸತ್ತಿಗೆ ಮಾತ್ರ. ಆಗ ಆಂಧ್ರಪ್ರದೇಶದಲ್ಲಿದ್ದ ತೆಲಂಗಾಣದ ಹುದ್ದೆಗಳನ್ನು ಆ ಭಾಗದ ನಿವಾಸಿಗಳಿಗೇ ಮೀಸಲಿಟ್ಟ ವ್ಯವಸ್ಥೆಯನ್ನು ಸುಪ್ರೀಂ ಕೋರ್ಟ್ 1969ರಲ್ಲಿ ರದ್ದು ಮಾಡಿತು. ಕಲ್ಯಾಣ ಕರ್ನಾಟಕಕ್ಕೆ 371ಜೆ ವಿಧಿಯ ಮೀಸಲಾತಿ ಇದೆ ನಿಜ, ಆದರೆ ಅಲ್ಲೂ ಬೀದರಿನವರು ಬಳ್ಳಾರಿಗೆ ನೇಮಕವಾಗಬಹುದು. ಸ್ಥಳೀಯರು ಎಂದಾಕ್ಷಣ ನಿಮ್ಮ ಬೀದಿಯವರಲ್ಲ.

ಈಗ ನೀವು ಮಾಡಬೇಕಾದದ್ದು. ಮೊದಲು ಅಧಿಕಾರಿ ಸಿಗದಿರುವುದು ಯಾಕೆ ಎಂದು ತಿಳಿಯಿರಿ. ಬಹಳ ಕಡೆ ಕಾರಣ ವಾಸವಲ್ಲ, ಪ್ರಭಾರ: ಒಬ್ಬರೇ ಎಂಜಿನಿಯರ್‌ಗೆ ಎರಡು ಊರಿನ ಹೊಣೆ. ಹಾಗಿದ್ದರೆ ಅವರ ಮೇಲೆ ದೂರು ಬರೆದು ಫಲವಿಲ್ಲ, ಖಾಲಿ ಹುದ್ದೆ ತುಂಬಿ ಎಂದು ಕೇಳಬೇಕು. ಇದನ್ನು ತಿಳಿಯಲು ಮಾಹಿತಿ ಹಕ್ಕಿನ ಅರ್ಜಿ ಸಾಕು. ಶುಲ್ಕ 10 ರೂಪಾಯಿ, ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು, ಉತ್ತರಕ್ಕೆ 30 ದಿನ. ಮನೆ ವಿಳಾಸ ಕೇಳಬೇಡಿ. ಖಾಸಗಿ ಮಾಹಿತಿ ಎಂದು ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಅಡಿ ತಿರಸ್ಕರಿಸುತ್ತಾರೆ, ಒಂದು ತಿಂಗಳು ವ್ಯರ್ಥ. ಬದಲಿಗೆ ಕಳೆದ ಮೂರು ತಿಂಗಳ ಹಾಜರಾತಿ ವಹಿ, ಕಚೇರಿಯಿಂದ ಎಲ್ಲಿಗೆ ಹೋದರೆಂದು ಬರೆಯುವ ಚಲನವಲನ ವಹಿ ಮತ್ತು ಪ್ರಭಾರ ಆದೇಶಗಳ ಪ್ರತಿ ಕೇಳಿ. ‘ಸ್ಥಳ ತಪಾಸಣೆ’ ಎಂದು ಬರೆದ ದಿನ ಊರಲ್ಲಿ ಯಾವ ಕಾಮಗಾರಿಯೂ ನಡೆದಿರದಿದ್ದರೆ ಅದೇ ನಿಮ್ಮ ಸಾಕ್ಷ್ಯ.

ಜೊತೆಗೆ, ಪೈಪ್ ಒಡೆದ ರಾತ್ರಿಯೇ ಸರ್ಕಾರದ ಸಹಾಯವಾಣಿ 1902ಕ್ಕೆ ಅಥವಾ ಜನಹಿತ ಆ್ಯಪ್‌ನಲ್ಲಿ ದೂರು ದಾಖಲಿಸಿ ಸಂಖ್ಯೆ ಇಟ್ಟುಕೊಳ್ಳಿ. ಇಂಥ ನಾಲ್ಕೈದು ದೂರುಗಳ ಸಮಯ ಮತ್ತು ದುರಸ್ತಿಯ ಸಮಯವನ್ನು ಪಕ್ಕಪಕ್ಕ ಬರೆದು, ವಹಿಗಳ ಪ್ರತಿಯೊಂದಿಗೆ ಜಿಲ್ಲಾಧಿಕಾರಿ ಕಚೇರಿಯ ಜಿಲ್ಲಾ ನಗರಾಭಿವೃದ್ಧಿ ಕೋಶದ ಯೋಜನಾ ನಿರ್ದೇಶಕರಿಗೆ ಕೊಡಿ. ‘ಅಧಿಕಾರಿ ಊರಲ್ಲಿ ಇರುವುದಿಲ್ಲ’ ಎಂಬ ಒಂದು ಸಾಲಿನ ದೂರಿಗೆ ‘ಇರುತ್ತಾರೆ’ ಎಂಬ ಒಂದು ಸಾಲಿನ ಉತ್ತರ ಬರುತ್ತದೆ. ‘ರಾತ್ರಿ 9.40ಕ್ಕೆ ದೂರು, ಮರುದಿನ 12.15ಕ್ಕೆ ಕವಾಟ ಬಂದ್’ ಎಂದು ಬರೆದರೆ ವಿವರಣೆ ಕೊಡಲೇಬೇಕಾಗುತ್ತದೆ. ರಾತ್ರಿ ಪಾಳಿಯಲ್ಲಿ ಯಾರಿದ್ದಾರೆಂಬ ಪಟ್ಟಿಯನ್ನು ಮೊಬೈಲ್ ಸಂಖ್ಯೆ ಸಮೇತ ಪುರಸಭೆಯ ಫಲಕದಲ್ಲಿ ಹಾಕಿ ಎಂದೂ ಅದೇ ಪತ್ರದಲ್ಲಿ ಕೇಳಿ. ಕವಾಟದ ಕೀಲಿ ಯಾರ ಬಳಿ ಇರುತ್ತದೆ ಎಂಬುದೂ ಆ ಪಟ್ಟಿಯಲ್ಲಿರಲಿ. ಎಷ್ಟೋ ರಾತ್ರಿ ನೀರು ಹರಿದುಹೋಗುವುದು ಕೀಲಿ ಕಚೇರಿಯ ಬೀಗದೊಳಗೆ ಉಳಿದುಬಿಡುವುದರಿಂದ.