ರೇಟು ಹೇಳುವಾಗ ದನಿ ಯಾಕೆ ಸಣ್ಣಗಾಗುತ್ತದೆ?

ಓದುಗರ ಪತ್ರ: "ಮಗಳು ಬೆಂಗಳೂರಿನಲ್ಲೇ ಚಿತ್ರಕಲೆಯ ಪದವಿ ಮುಗಿಸಿದ್ದಾಳೆ. ಕೈ ಚೆನ್ನಾಗಿದೆ ಎಂದು ಮೇಷ್ಟ್ರುಗಳೇ ಹೇಳುತ್ತಾರೆ. ಈಗ ಇದ್ದಕ್ಕಿದ್ದಂತೆ ಉದ್ಯಮಶೀಲತೆಯ ಕೋರ್ಸ್ ಓದುತ್ತೇನೆ ಅನ್ನುತ್ತಿದ್ದಾಳೆ. ಎರಡು ವರ್ಷ, ಫೀಸು ನಾಲ್ಕು ಲಕ್ಷ, ಸಾಲ ಮಾಡಬೇಕು. ಕಲಾವಿದೆ ಆಗಬೇಕಾದವಳು ವ್ಯಾಪಾರ ಕಲಿಯಲು ಹೋಗುವುದು ಸರಿಯೇ? ಕಲೆ ಅಂದರೆ ಮಾರುವ ಸರಕೇ?" – ಓದುಗರು, ರಾಜಾಜಿನಗರ

ಸಂಪಾದಕರ ಉತ್ತರ:

ನಮಸ್ಕಾರ. ನಿಮ್ಮ ಪತ್ರ ನಾಲ್ಕು ಪುಟ ಇತ್ತು. ಜಾಗ ಸಾಲದೆ ಇಷ್ಟೇ ಹಾಕಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಬಿಟ್ಟ ಭಾಗದಲ್ಲಿ ಒಂದು ಸಾಲು ಓದಿ ನಗು ಬಂತು. ಅವಳು ಚಿತ್ರಕಲೆ ಓದುತ್ತೇನೆ ಎಂದಾಗ 'ಹೊಟ್ಟೆಪಾಡಿಗೆ ಏನು ಮಾಡ್ತೀಯಮ್ಮ' ಎಂದು ಕೇಳಿದವರೂ ನೀವೇ ಅಂತೆ. ಈಗ ಅವಳು ಆ ಪ್ರಶ್ನೆಗೇ ಉತ್ತರ ಹುಡುಕಲು ಹೊರಟಿದ್ದಾಳೆ, ಅಲ್ವಾ?

ಮೊದಲು ನಮ್ಮದೇ ಒಂದು ತಪ್ಪು ಒಪ್ಪಿಕೊಳ್ಳುತ್ತೇನೆ. ಒಂದು ದೀಪಾವಳಿ ಸಂಚಿಕೆಗೆ ಇಬ್ಬರು ಚಿತ್ರ ಬರೆದುಕೊಟ್ಟರು. ಒಬ್ಬನ ಚಿತ್ರ ಎಷ್ಟು ಚೆನ್ನಾಗಿತ್ತೆಂದರೆ ಮುಖಪುಟಕ್ಕೇ ಹಾಕಿದೆವು. ದುಡ್ಡಿನ ಮಾತು ಬಂದಾಗ ಅವನು 'ನೀವು ನೋಡಿ ಕೊಡಿ ಸರ್' ಅಂದ. ನೋಡಿ ಕೊಡಲು ನಮಗೆ ಎಂಟು ತಿಂಗಳು ಬೇಕಾಯಿತು. ಇನ್ನೊಬ್ಬಳು ಚಿತ್ರದ ಜೊತೆಗೇ ಬಿಲ್ ಕಳಿಸಿದ್ದಳು. ಇಷ್ಟು ರೂಪಾಯಿ, ಒಂದು ಸಲ ಅಚ್ಚು ಹಾಕುವುದಕ್ಕೆ ಮಾತ್ರ, ಮತ್ತೆ ಬಳಸಿದರೆ ಇದರ ಅರ್ಧ, ಮೂವತ್ತು ದಿನದೊಳಗೆ ಕೊಡಬೇಕು. ಇಪ್ಪತ್ತೆಂಟನೇ ದಿನ ದುಡ್ಡು ಅವಳ ಕೈ ಸೇರಿತು. ಇದೆಲ್ಲ ಎಲ್ಲಿ ಕಲಿತೆಯಮ್ಮ ಎಂದರೆ, 'ಅಪ್ಪನ ದಿನಸಿ ಅಂಗಡೀಲಿ ಸಾಲದ ಪುಸ್ತಕ ನಾನೇ ಬರೀತಿದ್ದೆ ಸರ್' ಅಂದಳು.

ಕೊಳ್ಳುವ ಕಡೆ ಕೂತವನಾಗಿ ಹೇಳುತ್ತಿದ್ದೇನೆ. ರೇಟು ಹೇಳುವಾಗ ದನಿ ಸಣ್ಣಗಾಗುವವರಿಗೇ ದುಡ್ಡು ಎಲ್ಲರಿಗಿಂತ ಕೊನೆಗೆ ಸಿಗುವುದು.

ಇನ್ನು ನಿಮ್ಮ ಕೊನೆಯ ಪ್ರಶ್ನೆ, ಕಲೆ ಮಾರುವ ಸರಕೇ ಎಂಬುದು. ನಾಟಕದ ತಂಡಕ್ಕೆ ನಮ್ಮ ಹಿರಿಯರು ಸಲೀಸಾಗಿ 'ಕಂಪನಿ' ಅಂದರು. ಗುಬ್ಬಿ ಕಂಪನಿ ಶುರುವಾದದ್ದು 1884ರಲ್ಲಿ. ವೀರಣ್ಣನವರು ಹುಡುಗನಾಗಿ ಅಲ್ಲಿಗೆ ಸೇರಿ, ಆಮೇಲೆ ಅದರ ಮಾಲೀಕರಾದವರು. ರಂಗದ ಮೇಲೆ ಆನೆ, ಕುದುರೆಗಳನ್ನೇ ತಂದರು. ನಾವು ಇವತ್ತಿಗೂ ಆ ಆನೆಯ ಮಾತಾಡುತ್ತೇವೆ, ಅದರ ಮೇವಿನ ಲೆಕ್ಕ ಯಾರು ಬರೆದಿಟ್ಟರು ಎಂದು ಕೇಳುವುದಿಲ್ಲ. ನಟರ ಸಂಬಳ, ಊಟ, ಊರಿಂದ ಊರಿಗೆ ಪರದೆ-ಪೆಟ್ಟಿಗೆ ಸಾಗಿಸುವ ಖರ್ಚು, ಮಳೆ ಬಂದ ದಿನದ ಖಾಲಿ ಕುರ್ಚಿಗಳು. ಇದನ್ನೆಲ್ಲ ತೂಗಿಸಿದ್ದರಿಂದಲೇ ಮರುದಿನ ಪರದೆ ಏಳುತ್ತಿತ್ತು. ಗಳಗನಾಥರೋ, ತಾವು ಬರೆದ ಕಾದಂಬರಿಗಳ ಗಂಟು ಹೊತ್ತು ಊರೂರು ತಿರುಗಿ ಮಾರಿದರು. ಅವರನ್ನು ಯಾರೂ ವ್ಯಾಪಾರಿ ಅನ್ನಲಿಲ್ಲ.

ಹಾಗಾದರೆ ನಾಲ್ಕು ಲಕ್ಷದ ಕೋರ್ಸ್ ಬೇಕಾ? ಇಲ್ಲಿ ನಾನು ಸ್ವಲ್ಪ ನಿಮ್ಮ ಕಡೆ.

ಅವಳು ಇಲ್ಲಿವರೆಗೆ ಮಾರಿದ ಒಂದು ಚಿತ್ರ ತೆಗೆದುಕೊಂಡು ಕೂತು ಲೆಕ್ಕ ಹಾಕಲಿ. ಆರು ಸಾವಿರಕ್ಕೆ ಹೋಯಿತು ಅಂದುಕೊಳ್ಳಿ. ಕ್ಯಾನ್ವಾಸು, ಬಣ್ಣಕ್ಕೆ 2,500. ಫ್ರೇಮಿಗೆ 1,800. ಆಟೋಗೆ 400. ಉಳಿದದ್ದು 1,300. ಹತ್ತು ದಿನ ಕೂತು ಬರೆದಿದ್ದರೆ ದಿನಕ್ಕೆ 130 ರೂಪಾಯಿ! ಗ್ಯಾಲರಿಯ ಕಮಿಷನ್ ಇನ್ನೂ ಹಿಡಿದಿಲ್ಲ. ಇದಕ್ಕೆ ಕೋರ್ಸ್ ಬೇಡ, ಒಂದು ನೋಟ್‌ಬುಕ್ ಸಾಕು. ಜನವರಿಯಲ್ಲಿ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ ನಡೆಯುತ್ತದಲ್ಲ, ಅಲ್ಲಿ ಬೆಳಗಿನಿಂದ ಸಂಜೆವರೆಗೆ ಮಳಿಗೆಯಲ್ಲಿ ನಿಲ್ಲಲಿ. ಯಾವ ಚಿತ್ರದ ಮುಂದೆ ಜನ ನಿಂತರು, ಯಾವುದಕ್ಕೆ ಚೌಕಾಸಿ ಮಾಡಿದರು, ಯಾವುದನ್ನು ಸುಮ್ನೆ ಫೋಟೋ ಹೊಡೆದುಕೊಂಡು ಹೋದರು, ಎಲ್ಲ ಬರೆದುಕೊಳ್ಳಲಿ.

ಕಾಗದ ಪತ್ರದ ವಿಷಯ ಮಾತ್ರ ಕಲಿಯಲೇಬೇಕು. ಚಿತ್ರಸಂತೆಯಲ್ಲಿ ಒಬ್ಬರು ಅವಳ ಚಿತ್ರ ಕೊಂಡರು ಅಂದಮಾತ್ರಕ್ಕೆ ಅದನ್ನು ಕ್ಯಾಲೆಂಡರ್ ಮಾಡಿ ಮಾರುವ ಹಕ್ಕು ಅವರಿಗೆ ಬರುವುದಿಲ್ಲ. 1957ರ ಕಾಪಿರೈಟ್ ಕಾಯ್ದೆಯಲ್ಲಿ ಇನ್ನೊಂದು ಮಾತಿದೆ. ಹಕ್ಕು ಬರೆದುಕೊಡುವ ಪತ್ರದಲ್ಲಿ ಅವಧಿ ಹೇಳದೇ ಇದ್ದರೆ ಅದು 5 ವರ್ಷಕ್ಕೆ ಅಂತ ಲೆಕ್ಕ. ಎಲ್ಲೆಲ್ಲಿಗೆ ಎಂದು ಹೇಳದೇ ಇದ್ದರೆ ಭಾರತಕ್ಕೆ ಮಾತ್ರ. ಅದಕ್ಕೇ ಎಷ್ಟೋ ಒಪ್ಪಂದಗಳಲ್ಲಿ 'ಎಂದೆಂದಿಗೂ, ಪ್ರಪಂಚದಾದ್ಯಂತ' ಎಂಬ ಎರಡು ಪದ ಸಣ್ಣ ಅಕ್ಷರದಲ್ಲಿ ಕೂತಿರುತ್ತವೆ. ಓದದೆ ಸಹಿ ಹಾಕಿದರೆ ಮುಗಿಯಿತು. ಸಣ್ಣ ಉದ್ದಿಮೆ ಎಂದು ಸರ್ಕಾರದಲ್ಲಿ ಹೆಸರು ಬರೆಸುವ ಉದ್ಯಮ್ ನೋಂದಣಿಗೆ ಒಂದು ಪೈಸೆಯೂ ಶುಲ್ಕವಿಲ್ಲ. ಅದು ಇದ್ದರೆ, 2006ರ ಸಣ್ಣ ಉದ್ದಿಮೆಗಳ ಕಾಯ್ದೆಯ ಪ್ರಕಾರ ಕಂಪನಿಗಳು ಬಿಲ್ಲಿನ ದುಡ್ಡನ್ನು 45 ದಿನಕ್ಕಿಂತ ಜಾಸ್ತಿ ಇಟ್ಟುಕೊಳ್ಳುವಂತಿಲ್ಲ. (ಸಂಪಾದಕನಾಗಿ ಇದನ್ನು ನಾನು ಹೇಳಬಾರದಿತ್ತು.)

ಕೋರ್ಸಿನಿಂದ ಲಾಭವೇ ಇಲ್ಲ ಅನ್ನುತ್ತಿಲ್ಲ. ಜೊತೆಗಾರರು ಸಿಗುತ್ತಾರೆ. ಎಕ್ಸೆಲ್ ಕಂಡರೆ ಆಗುವ ಭಯ ಹೋಗುತ್ತದೆ. ಐದು ನಿಮಿಷದಲ್ಲಿ ತನ್ನ ಕೆಲಸದ ಬಗ್ಗೆ ತಡವರಿಸದೆ ಹೇಳುವುದು ಬರುತ್ತದೆ, ಅದು ಮುಂದೆ ಅನುದಾನಕ್ಕೆ ಅರ್ಜಿ ಹಾಕುವಾಗಲೂ ಬೇಕು. ನಮ್ಮ ಬೆಂಗಳೂರಿನಲ್ಲೇ ಇರುವ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ 1995ರಿಂದ ಕಲೆಯ ಕೆಲಸಗಳಿಗೆ ಅನುದಾನ ಕೊಡುತ್ತಾ ಬಂದಿದೆ. ಅಂಥ ಕಡೆ ಖರ್ಚಿನ ಅಂದಾಜು ಬರೆಯಲು ಬಾರದೆ ಅರ್ಜಿಯನ್ನೇ ಹಾಕದವರನ್ನು ನಾನು ನೋಡಿದ್ದೇನೆ.

ನನ್ನ ಅನುಮಾನ ಬೇರೆ. ಈ ಊರಿನ ಉದ್ಯಮಶೀಲತೆಯ ಪಾಠಗಳು ಹೆಚ್ಚಾಗಿ ಸ್ಟಾರ್ಟಪ್ ಮಾಡುವವರಿಗಾಗಿ ಕಟ್ಟಿದವು. ಇವತ್ತು ಹತ್ತು ಗಿರಾಕಿ ಇದ್ದರೆ ಬರುವ ವರ್ಷ ಹತ್ತು ಸಾವಿರ ಹೇಗೆ ಮಾಡುತ್ತೀಯ ಎಂದು ಕೇಳುತ್ತಾರೆ. ಗೋಡೆ ತುಂಬ ಚಿತ್ರ ಬರೆಯುವವಳಿಗೆ ಇರುವುದು ಎರಡೇ ಕೈ. ಹೆಚ್ಚೆಂದರೆ ಪ್ರಿಂಟ್ ಮಾರಬಹುದು, ಚಿತ್ರವನ್ನು ಸೀರೆಗೋ ಪುಸ್ತಕಕ್ಕೋ ಬಳಸಲು ಕೊಟ್ಟು ದುಡ್ಡು ಪಡೆಯಬಹುದು. ಆ ಕೋರ್ಸಿನ ಮೇಷ್ಟ್ರುಗಳಿಗೆ ಈ ಲೆಕ್ಕ ಗೊತ್ತಿದೆಯಾ? ಫೀಸು ಕಟ್ಟುವ ಮುಂಚೆ ಅವಳು ಹೋಗಿ ಒಂದು ತರಗತಿಯಲ್ಲಿ ಕೂತು ಬರಲಿ. ಚಿತ್ರವೋ ಸಂಗೀತವೋ ನಾಟಕವೋ ಮಾಡುತ್ತಿದ್ದವರು ಯಾರಾದರೂ ಅಲ್ಲಿ ಓದಿದ್ದಾರಾ, ಈಗ ಏನು ಮಾಡುತ್ತಿದ್ದಾರೆ ಎಂದು ಕೇಳಲಿ. ಒಬ್ಬರ ಹೆಸರೂ ಬರದಿದ್ದರೆ ಎದ್ದು ಬರಲಿ.

ಸಾಲ ಮಾತ್ರ ಈಗಲೇ ಮಾಡಬೇಡಿ. ಒಂದು ವರ್ಷ ನೋಟ್‌ಬುಕ್ ನಡೆಯಲಿ. ಆಮೇಲೂ ಅವಳು ಓದುತ್ತೇನೆ ಅಂದರೆ ಅಡ್ಡ ಬರಬೇಡಿ. ಆಗ ಏನು ಕಲಿಯಬೇಕು ಎಂಬುದು ಅವಳಿಗೇ ಗೊತ್ತಿರುತ್ತದೆ.

ಅಂದಹಾಗೆ, ಯುಗಾದಿ ಸಂಚಿಕೆಗೆ ನಮಗೆ ಮೂರು ಚಿತ್ರ ಬೇಕು. ರೇಟು ಅವಳೇ ಬರೆದು ಕಳಿಸಲಿ, ದುಡ್ಡು ಯಾವತ್ತು ಬೇಕು ಎಂಬುದನ್ನೂ ಸೇರಿಸಿ. ನಮ್ಮ ಮ್ಯಾನೇಜರ್ ಚೌಕಾಸಿ ಮಾಡುತ್ತಾರೆ, ಮೊದಲೇ ಹೇಳಿಬಿಟ್ಟಿದ್ದೇನೆ.