ಪದಪಟ್ಟಿ ಅಚ್ಚಿಗೆ ಹೋಗುವ ಮುನ್ನ

ತಮ್ಮಾ, ನಿನ್ನೆ ರಾತ್ರಿ ನೀನು ನಮ್ಮ ಹಕ್ಕಿ ನೋಡುವವರ ಗುಂಪಿಗೆ ಹಾಕಿದ ಪದಪಟ್ಟಿಯನ್ನು ಎರಡು ಸಲ ಓದಿದೆ. ‘ನಮ್ಮ ಹಕ್ಕಿ ಬಳಗವೇ ಹುಟ್ಟುಹಾಕಿದ 42 ಪದಗಳು’ ಎಂಬ ತಲೆಬರಹ. ಕೆಳಗೆ ‘ಭಾನುವಾರ ಅಚ್ಚಿಗೆ ಹೋಗುತ್ತದೆ, ಅಂಗಿಗಳ ಮೇಲೂ ಹಾಕಿಸೋಣ’ ಎಂಬ ಸಾಲು. ದಯವಿಟ್ಟು ತಡೆ. ಒಂಬತ್ತು ವರ್ಷಗಳ ಹಿಂದೆ ಇದೇ ಕೆಲಸವನ್ನು ನಾನು ಮಾಡಿದ್ದೇನೆ. ಇನ್ನೂರು ಕರಪತ್ರ ಅಚ್ಚು ಹಾಕಿಸಿ, ಇಪ್ಪತ್ತು ಹಂಚುವಷ್ಟರಲ್ಲಿ ನಿಲ್ಲಿಸಿದೆ. ಉಳಿದ ಕಟ್ಟು ಗಂಗಾವತಿಯ ನಮ್ಮ ಮನೆಯ ಅಟ್ಟದ ಮೇಲಿದೆ.

ಮೊದಲು ‘ದೀವ’ ಎಂಬ ಪದ. ‘ದೀವ: ಹಕ್ಕಿಯ ಕೂಗು ಹಾಕಿ ಕರೆಯುವ ಬ್ಲೂಟೂತ್ ಸ್ಪೀಕರ್, ನಮ್ಮ ಬಳಗದ ತಮಾಷೆಯ ಪದ’ ಎಂದು ಬರೆದಿದ್ದೀಯೆ. ನನ್ನ ಕರಪತ್ರದಲ್ಲಿಯೂ ಹೆಚ್ಚುಕಡಿಮೆ ಇದೇ ವಾಕ್ಯವಿತ್ತು. ಕೊಪ್ಪಳದ ಕಡೆ ನಮಗೆ ಗುಡ್ಡಗಳನ್ನು ತೋರಿಸುತ್ತಿದ್ದ ಹರಣಶಿಕಾರಿ ಎಂಬ ಬೇಟೆಗಾರ ಸಮುದಾಯದ ಅಜ್ಜನೊಬ್ಬನಿಗೆ ಅದನ್ನು ಹೆಮ್ಮೆಯಿಂದ ಓದಿ ಹೇಳಿದೆ. ಅಜ್ಜ ಇನ್ನೊಮ್ಮೆ ಓದಿಸಿದ. ಆಮೇಲೆ ಬೀಡಿಯನ್ನು ಕಲ್ಲಿಗೆ ಒತ್ತಿ ಆರಿಸಿ ಹೇಳಿದ: “ದೀವ ಎಂದರೆ ಹಕ್ಕಿ, ಯವ್ವಾ. ಸಾಕಿದ ಗೌಜಲಕ್ಕಿ. ಬೆಳಿಗ್ಗೆ ನವಣೆ ಹಾಕಬೇಕು, ಮಧ್ಯಾಹ್ನ ಗೆದ್ದಲು ಕೆದರಿ ತಂದು ಹಾಕಬೇಕು. ಪಂಜರಕ್ಕೆ ಬಟ್ಟೆ ಹೊದಿಸಿ ಕಂಟಿಯ ಹತ್ತಿರ ಇಟ್ಟರೆ ಅದು ಕೂಗುತ್ತದೆ, ಹೊರಗಿನದು ಜಗಳಕ್ಕೆ ಬರುತ್ತದೆ, ಉರುಲಿಗೆ ಬೀಳುತ್ತದೆ. ನಮ್ಮಪ್ಪ ಅದನ್ನು ಬುಟ್ಟಿಯಲ್ಲಿಟ್ಟುಕೊಂಡು ಸಂತೆಗೆ ಹೋದಾಗ ಪೊಲೀಸರು ಹಿಡಿದು ಕೂರಿಸಿದರು. ಹೊರಗಿನವರ ಎದುರು ಈ ಮಾತು ಆಡಬೇಡಿ ಎಂದು ನಮ್ಮವ್ವ ನಮ್ಮ ಬಾಯಿ ಕಟ್ಟಿದ್ದಳು. ನೀನು ಕಾಗದದ ಮೇಲೆ ಹಾಕಿ ನಿನ್ನದು ಅನ್ನುತ್ತೀಯೆ.”

ನನಗೆ ಉತ್ತರ ಹೊಳೆಯಲಿಲ್ಲ. ಇವತ್ತಿಗೂ ಹೊಳೆದಿಲ್ಲ.

ಅಲೆದು, ಬೇಟೆಯಾಡಿ ಬದುಕುತ್ತಿದ್ದ ಎಷ್ಟೋ ಸಮುದಾಯಗಳನ್ನು ಬ್ರಿಟಿಷರ 1871ರ ಕಾನೂನು ಹುಟ್ಟಿನಿಂದಲೇ ಅಪರಾಧಿಗಳ ಪಟ್ಟಿಗೆ ಸೇರಿಸಿತು. ಆ ಕಾನೂನು 1952ರಲ್ಲಿ ರದ್ದಾಯಿತು, ಆದರೆ ಊರ ಜನರ ಅನುಮಾನ ರದ್ದಾಗಲಿಲ್ಲ. 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ಹಕ್ಕಿ ಹಿಡಿಯುವುದು ನಿಂತದ್ದು ಸರಿ, ಆ ಬಗ್ಗೆ ನನ್ನಲ್ಲಿ ಎರಡು ಮಾತಿಲ್ಲ. ಆದರೆ ಯಾವ ಮಾತನ್ನು ಆಡಲು ಅವರ ಮಕ್ಕಳು ಹೆದರಿದರೋ ಅದನ್ನೇ ನಾವು ಅಂಗಿಯ ಮೇಲೆ ಹಾಕಿಕೊಂಡು ‘ನಮ್ಮ ತಮಾಷೆ’ ಎನ್ನುವುದು ತಪ್ಪು. ಪದವೂ ನಿನ್ನೆ ಮೊನ್ನೆಯದಲ್ಲ. ಕಾಡಿನ ಪ್ರಾಣಿಯನ್ನು ಸೆಳೆಯಲು ಪಳಗಿಸಿಟ್ಟುಕೊಂಡ ಪ್ರಾಣಿಗೆ ಹಳೆಯ ಕನ್ನಡದಲ್ಲಿಯೇ ದೀವ, ದೀಹ ಎನ್ನುತ್ತಿದ್ದರು.

ಸ್ಪೀಕರಿನ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ: ಗೂಡು ಕಟ್ಟುವ ಕಾಲದಲ್ಲಿ ಅದನ್ನು ಹೊರಗೆ ತೆಗೆಯಲೇಬೇಡಿ. ತನ್ನ ಜಾಗಕ್ಕೆ ಇನ್ನೊಂದು ಗಂಡು ಬಂದಿತೆಂದು ತಿಳಿದು ಹಕ್ಕಿ ಗೂಡು ಬಿಟ್ಟು ಬಂದು ಕೂಗುತ್ತದೆ, ಮೊಟ್ಟೆ ಬಿಸಿಲಿಗೆ ಬೀಳುತ್ತದೆ. ಹೋದ ತಿಂಗಳು ಆನೆಗೊಂದಿಯ ಬಂಡೆಗಳ ನಡುವೆ ಹಳದಿ ಕೊರಳಿನ ಪಿಕಳಾರಕ್ಕೆ ಅರ್ಧ ಗಂಟೆ ಕೂಗು ಹಾಕಿದವರು ಯಾರೆಂದು ನನಗೆ ಗೊತ್ತಿದೆ. ಇಲ್ಲಿ ಹೆಸರು ಹೇಳುವುದಿಲ್ಲ. ಇನ್ನೊಮ್ಮೆ ಮಾಡಿದರೆ ಗುಂಪಿನಲ್ಲಿಯೇ ಕೇಳುತ್ತೇನೆ.

ಇನ್ನು ‘ಗೌಜಲು’. ನಮ್ಮವರು ಕಲ್ಲು ಗೌಜಲಕ್ಕಿಯನ್ನು ಮೊಟಕು ಮಾಡಿ ‘ಗೌಜಲು’ ಎನ್ನುತ್ತಾರೆ. ಊರಿನವರು ಬರೀ ಗೌಜಲಕ್ಕಿ ಎಂದರೆ ಬೇಲಿಸಾಲಿನಲ್ಲಿ ಓಡುವ ಬೂದು ಬಣ್ಣದ ಹಕ್ಕಿ. ಎರಡೂ ಬೇರೆ ಬೇರೆ ಕುಲ. ಈ ಗೊಂದಲ ನನ್ನಿಂದ ಒಂದು ಸುಳ್ಳು ದಾಖಲೆಯನ್ನೇ ಮಾಡಿಸಿತು. ಕುಷ್ಟಗಿ ಕಡೆಯ ಮಸಾರಿ ಹೊಲದಲ್ಲಿ ಕುರಿಗಾಹಿಯೊಬ್ಬರು “ಕೆರೆಯ ಏರಿಯ ಕೆಳಗೆ ಗೌಜಲಕ್ಕಿ ಬಹಳ ಇವೆ” ಎಂದರು. ದೂರದಲ್ಲಿ ಏನೋ ಹಾರಿತು. ನಾನು ಹಕ್ಕಿ ದಾಖಲೆಯ ಜಾಲತಾಣ ಇ-ಬರ್ಡ್‌ನಲ್ಲಿ ಕಲ್ಲು ಗೌಜಲಕ್ಕಿ, 40 ಎಂದು ತುಂಬಿಸಿದೆ. ಅದನ್ನು ನಂಬಿ ಧಾರವಾಡದಿಂದ ಇಬ್ಬರು ಬಂದು, ಎರಡು ದಿನ ಬಿಸಿಲಿನಲ್ಲಿ ಕುಳಿತು, ಬೇಲಿಯ ಹಕ್ಕಿಯನ್ನು ನೋಡಿಕೊಂಡು ಹೋದರು. ದಾಖಲೆ ಅಳಿಸಿದೆ. ಅವರ ಎರಡು ದಿನಗಳನ್ನು ಹೇಗೆ ಹಿಂತಿರುಗಿಸಲಿ?

ಬಿಡಿಸಿ ಹೇಳಿದ್ದು ಮತ್ತೆ ಅದೇ ಅಜ್ಜ. ಎಡಗೈ ಮುಷ್ಟಿ ಮಾಡಿ ತಿರುಗಿಸಿ ಹಿಡಿದ, ಮಣಿಕಟ್ಟಿನ ಹಿಂದೆ ಬಲಗೈ ಹೆಬ್ಬೆರಳಿನ ಉಗುರನ್ನು ಚುಚ್ಚಿ ನಿಲ್ಲಿಸಿದ. “ಹುಂಜಕ್ಕೆ ಇರುವಂತೆ ಇಲ್ಲಿ ಮುಳ್ಳಿದ್ದರೆ ಗೌಜಲಕ್ಕಿಯ ಗಂಡು. ಕಾಲು ಮೋಟಾಗಿ, ಮುಳ್ಳಿಲ್ಲದೆ, ಗುಂಪಾಗಿ ನೀರಿಗೆ ಹಾರಿ ಬಂದರೆ ಕಲ್ಲಿನದು.” ಪುಸ್ತಕದಲ್ಲಿ ನಾನು ಓದಿ ಮರೆತದ್ದನ್ನು ಅವನು ಕೈಯಲ್ಲಿ ತೋರಿಸಿದ. ಗಂಡು ಕಲ್ಲು ಗೌಜಲಕ್ಕಿ ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ನೆನೆಸಿಕೊಂಡು ಹೋಗಿ ಮರಿಗಳಿಗೆ ಕುಡಿಸುತ್ತದೆ ಎಂಬುದೂ ಅವನಿಗೆ ಗೊತ್ತಿತ್ತು. ಪಟ್ಟಿಯಿಂದ ‘ಗೌಜಲು’ ತೆಗೆ. ಎರಡು ಹೆಸರನ್ನೂ ಪೂರ್ತಿಯಾಗಿ ಬರೆ.

‘ಭೂತ’ದ ವಿಷಯಕ್ಕೆ ಬಂದರೆ ನನಗೆ ಸಿಟ್ಟೇ ಬರುತ್ತದೆ. ಹುಡುಕಿಕೊಂಡು ಹೋದ ಹಕ್ಕಿ ಸಿಗದಿದ್ದರೆ ‘ಇವತ್ತು ಭೂತ’ ಎನ್ನುವುದು ನಮ್ಮಲ್ಲಿ ರೂಢಿಯಾಗಿದೆ, ನೀನು ಅದನ್ನು ಇಂಗ್ಲಿಷಿನ ‘ಡಿಪ್’ ಪದದ ಅನುವಾದ ಎಂದು ಬರೆದಿದ್ದೀಯೆ. ಅಲ್ಲ. ಅದು ಎರೆಭೂತದಿಂದ ಬಂದದ್ದು. ಕಪ್ಪು ಮಣ್ಣಿನ ಎರೆಹೊಲದ ನಡುವೆ ಸೊಂಟದೆತ್ತರ ನಿಂತು, ತಿರುಗಿ ನೋಡುವಷ್ಟರಲ್ಲಿ ಇಲ್ಲವಾಗುವ ಹಕ್ಕಿಗೆ ರೈತರು, ಕುರಿಗಾಹಿಗಳು ಇಟ್ಟ ಹೆಸರು. ಎರ್ಲಡ್ಡು, ದೊರೆವಾಯನ ಹಕ್ಕಿ ಎಂದೂ ಕರೆಯುತ್ತಾರೆ, ಇಂಗ್ಲಿಷಿನಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್. 2011ರಿಂದ ಅದು ಅಳಿವಿನ ಅಂಚಿನ ಕೊನೆಯ ಪಟ್ಟಿಯಲ್ಲಿದೆ, ನಮ್ಮ ಸಿರುಗುಪ್ಪದ ಎರೆಯಲ್ಲಿ ಬೆರಳೆಣಿಕೆಯಷ್ಟು ಕಂಡಿವೆ. ಹೆಸರಿನ ಮೊದಲಿನ ‘ಎರೆ’ಯನ್ನು ಕತ್ತರಿಸಿ ಬರೀ ‘ಭೂತ’ವನ್ನು ಉಳಿಸಿಕೊಂಡರೆ ಆ ಹಕ್ಕಿಗೆ ಯಾವ ನೆಲ ಬೇಕೆಂಬುದೇ ಕಳೆದುಹೋಗುತ್ತದೆ. ಇನ್ನೊಂದು ಮಾತು: ಅದು ಕಂಡ ಜಾಗದ ನಕ್ಷೆಯ ಗುರುತನ್ನು ಯಾವ ಗುಂಪಿಗೂ ಹಾಕಬೇಡಿ. ಇಲ್ಲಿಗೂ ಬೇಡ.

ಇಂಗ್ಲಿಷ್ ಪದಗಳಲ್ಲಿಯೂ ತಪ್ಪುಗಳಿವೆ. ಹಕ್ಕಿಯನ್ನು ಒಟ್ಟು ಚಹರೆಯಿಂದಲೇ ಗುರುತಿಸುವ ‘ಜಿಜ್’ ಎರಡನೇ ಮಹಾಯುದ್ಧದಲ್ಲಿ ವಿಮಾನ ಗುರುತಿಸುತ್ತಿದ್ದವರ ಸಂಕ್ಷೇಪಾಕ್ಷರ ಎಂದು ಹಾಕಿದ್ದೀಯೆ. ಎಲ್ಲರೂ ಹೇಳುವ ಕತೆ ಅದು, ಆದರೆ ಟಿ. ಎ. ಕವರ್ಡ್ ಎಂಬ ಪಕ್ಷಿತಜ್ಞ 1921ರಲ್ಲಿಯೇ ಪತ್ರಿಕೆಯಲ್ಲಿ ಆ ಪದ ಬಳಸಿದ್ದಾನೆ. ತನಗೆ ಅದು ಸಿಕ್ಕಿದ್ದು ಪಶ್ಚಿಮ ಕರಾವಳಿಯ ಒಬ್ಬ ಐರಿಷ್ ಮನುಷ್ಯನಿಂದ ಎಂದೂ ಹೇಳಿದ್ದಾನೆ. ಆ ಮನುಷ್ಯನ ಹೆಸರು ಮಾತ್ರ ಇಲ್ಲ. ‘ಲೈಫರ್’ ನಮಗೆ ಜೀವನದಲ್ಲಿ ಮೊದಲ ಸಲ ಕಂಡ ಹಕ್ಕಿ, ಇಂಗ್ಲಿಷ್ ಜೈಲುಗಳಲ್ಲಿ ಜೀವಾವಧಿ ಶಿಕ್ಷೆಯವನು. ‘ಶಿಕ್ರಾ’ ಎಂಬ ಸಣ್ಣ ಗಿಡುಗದ ಹೆಸರು ಇಂಗ್ಲಿಷ್ ಅಲ್ಲವೇ ಅಲ್ಲ, ಪಾರಸಿ–ಉರ್ದು ಬೇಟೆಗಾರರ ಪದ. ಇಂಗ್ಲಿಷಿನವರು ನಮ್ಮ ಕಡೆಯಿಂದ ಒಯ್ದು ಪುಸ್ತಕದಲ್ಲಿ ಇಟ್ಟುಕೊಂಡರು, ನಾವು ಅದನ್ನು ಇಂಗ್ಲಿಷ್ ಎಂದು ತಿರುಗಿ ಪಡೆದೆವು.

ಪದ ಎರವಲು ಪಡೆಯಲೇಬಾರದು ಎಂದು ನಾನು ಹೇಳುತ್ತಿಲ್ಲ. ಹಾಗೆ ಬೇಲಿ ಹಾಕಿದರೆ ನಮ್ಮ ಬಾಯಲ್ಲಿ ಪದವೇ ಉಳಿಯುವುದಿಲ್ಲ. ಆದರೆ ಎಲ್ಲಿಂದ ತಂದೆವು ಎಂದು ಬರೆದಿಡುವುದರಲ್ಲಿ ಕಷ್ಟವೇನಿದೆ? ಕಂಪನಿ ಸೈನ್ಯದ ವೈದ್ಯನಾಗಿದ್ದ ಜೆರ್ಡನ್ 1862ರಿಂದ 64ರ ನಡುವೆ ತಂದ ಸಂಪುಟಗಳಲ್ಲಿ ಹಕ್ಕಿಗಳ ತೆಲುಗು, ತಮಿಳು, ಹಿಂದೂಸ್ತಾನಿ ಹೆಸರುಗಳನ್ನು ಇಂಗ್ಲಿಷಿನ ಜೊತೆಗೇ ಕೊಟ್ಟ. ಅವನ ಹೆಸರಿನದೇ ಒಂದು ಹಕ್ಕಿ, ಜೆರ್ಡನ್ಸ್ ಕೋರ್ಸರ್, 1900ರ ನಂತರ ಯಾರಿಗೂ ಕಾಣದೆ, ಸತ್ತೇಹೋಯಿತೆಂದು ಹೆಚ್ಚಿನವರು ಕೈಬಿಟ್ಟಿದ್ದರು. 1986ರ ಜನವರಿಯಲ್ಲಿ, ಒಂದು ಕಾಲಕ್ಕೆ ನಮ್ಮ ಬಳ್ಳಾರಿಯ ಜೊತೆಗೆ, ನಿಜಾಮ ಬ್ರಿಟಿಷರಿಗೆ ಬಿಟ್ಟುಕೊಟ್ಟ ದತ್ತ ಜಿಲ್ಲೆಗಳ ಸಾಲಿನಲ್ಲಿದ್ದ ಕಡಪದಲ್ಲಿ, ಅದು ಮತ್ತೆ ಸಿಕ್ಕಿತು. ರಾತ್ರಿ ದೀಪದ ಬೆಳಕಿನಲ್ಲಿ ಹಿಡಿದು ತಂದವನು ಐತಣ್ಣ ಎಂಬ ಸ್ಥಳೀಯ ಬೇಟೆಗಾರ. ತೆಲುಗಿನಲ್ಲಿ ಅದು ಕಲಿವಿ ಕೋಡಿ. ಕಲಿವಿ ಎಂದರೆ ನಮ್ಮ ಕವಳಿ ಕಂಟಿ. ಎಲ್ಲಿ ಹುಡುಕಬೇಕೆಂಬುದು ಹೆಸರಿನಲ್ಲಿಯೇ ಇದೆ, ನೋಡು.

ಈಗ ನಾನು ಹೆಸರು ಕೇಳುವ ರೀತಿ. ಫೋಟೊವನ್ನು ಮೊದಲು ತೋರಿಸುವುದಿಲ್ಲ. ತೋರಿಸಿದರೆ ಬಂದವರ ಮನಸ್ಸು ನೋಯಿಸಬಾರದೆಂದು ‘ಹೌದು, ಇದೇ’ ಎನ್ನುತ್ತಾರೆ. ಕೂಗು ಹೇಗೆ ಎಂದು ಕೇಳುತ್ತೇನೆ, ಬಾಯಿಂದ ಮಾಡಿ ತೋರಿಸುತ್ತಾರೆ, ಬಹುಪಾಲು ಅಲ್ಲಿಗೇ ಗೊತ್ತಾಗುತ್ತದೆ. ಆಮೇಲೆ ಕಾಲು, ಮೊಟ್ಟೆ ಇಡುವ ಜಾಗ, ರಾತ್ರಿ ಎಲ್ಲಿ ಕೂರುತ್ತದೆ ಎಂಬುದು. ಫೋಟೊ ಕೊನೆಗೆ. ಮೂರು ಊರುಗಳಲ್ಲಿ ಮೂವರಿಂದ ಒಂದೇ ಹೆಸರು ಬರುವವರೆಗೆ ಪಟ್ಟಿಗೆ ಸೇರಿಸುವುದಿಲ್ಲ. ರಾಯಚೂರಿನ ಕಡೆ ಹೋದರೆ ತೆಲುಗು ಹೆಸರೂ ಬರುತ್ತದೆ, ಅದನ್ನು ಕನ್ನಡ ಮಾಡಲು ಹೋಗಬೇಡ, ಕೇಳಿದಂತೆಯೇ ಬರೆ. ಊರು, ಕಸುಬು, ತಿಂಗಳು ಬರೆಯುತ್ತೇನೆ. ಹಿಂದೆ ಬೇಟೆಯಾಡಿದ ಮನೆತನದವರ ಹೆಸರನ್ನು ಅವರೇ ಬರೆಯಿರಿ ಎನ್ನದಿದ್ದರೆ ಬರೆಯುವುದಿಲ್ಲ. ‘ಅಚ್ಚು ಹಾಕಲೇ?’ ಎಂದು ಕೇಳುತ್ತೇನೆ. ಬೇಡ ಎಂದರೆ ಬೇಡ. ಅಜ್ಜ ಬೇಡವೆಂದ ಮೂರು ಪದಗಳು ನನ್ನ ಪುಸ್ತಕದಲ್ಲಿವೆ, ಅಲ್ಲಿಯೇ ಇರುತ್ತವೆ.

ಬರೆಯಲು ನಟರಾಜ ಪೆನ್ಸಿಲ್ ಸಾಕು, ಮೇ ತಿಂಗಳ ಬೆವರಿಗೆ ಶಾಯಿ ನಿಲ್ಲುವುದಿಲ್ಲ. ದುರ್ಬೀನು ಕೇಳಿದ್ದೆಯಲ್ಲ, 10×50 ಬೇಡ. ಎರೆಹೊಲದ ಮೇಲೆ ಬಿಸಿಗಾಳಿ ಕುದಿಯುವಾಗ ಹೆಚ್ಚು ದೊಡ್ಡದಾಗಿ ಕಂಡಷ್ಟೂ ಹೆಚ್ಚು ನಡುಗುತ್ತದೆ. ಒಲಿಂಪಸ್ 8×40 ತಗೊ, ದುಡ್ಡಿದ್ದರೆ ನಿಕಾನ್ 8×42. ಮರ್ಲಿನ್ ಆ್ಯಪ್ ಕೂಗು ಗುರುತಿಸಲು ಒಳ್ಳೆಯದೇ, ಆದರೆ ಅದು ಹೇಳಿದ್ದನ್ನೆಲ್ಲ ಕಣ್ಣಿನಿಂದ ನೋಡದೆ ದಾಖಲಿಸಬೇಡ.

ಅಚ್ಚಿನವರಿಗೆ ಮುಂಗಡ ಕೊಟ್ಟಿದ್ದರೆ ಇನ್ನೊಂದು ವಾರ ಬೇಕೆಂದು ಫೋನ್ ಮಾಡಿ ಹೇಳು. ನನ್ನ ಅಟ್ಟದ ಮೇಲಿನ ನೂರಾ ಎಂಬತ್ತು ಕರಪತ್ರಗಳ ಹಿಂಬದಿ ಖಾಲಿ ಇದೆ. ನಾಲ್ಕಾಗಿ ಕತ್ತರಿಸಿ ಒಂದು ಪದಕ್ಕೆ ಒಂದು ಚೀಟಿ ಮಾಡೋಣ. ಶನಿವಾರ ಸಂಜೆ ಮನೆಗೆ ಬಾ, ಕತ್ತರಿ ತರಬೇಕಾಗಿಲ್ಲ, ನಿನ್ನ ಪಟ್ಟಿ ತಾ.